ಕೋಚಿಗೆ ಎಷ್ಟು, ಕಮಿಟಿಗೆ ಎಷ್ಟು?

(ನಮ್ಮ ಸಂಘದ ಸಂಸ್ಥಾಪನಾ ದಿನದ ಸಮಾರಂಭದಲ್ಲಿ, ಮಧ್ಯಾಹ್ನದ ಗೋಷ್ಠಿಯಲ್ಲಿ ಮಾಡಿದ ಭಾಷಣದ ಪಾಠ)



ಬಿಸಿಬೇಳೆ ಬಾತು, ಮೊಸರನ್ನ ಎರಡೂ ಆದ ಮೇಲಿನ ಗೋಷ್ಠಿಯಲ್ಲಿ ಮಾತನಾಡುವುದೆಂದರೆ ಕ್ರಿಕೆಟ್ಟಿನಲ್ಲಿ ಸಂಜೆಯ ಮಬ್ಬಿನಲ್ಲಿ ಬ್ಯಾಟ್ ಹಿಡಿದು ಹೋಗುವ ನೈಟ್ ವಾಚ್‌ಮನ್ನನ ಕೆಲಸವಿದ್ದ ಹಾಗೆ. ಅವನಿಂದ ಯಾರೂ ರನ್ನು ನಿರೀಕ್ಷಿಸುವುದಿಲ್ಲ. ಔಟಾಗದೆ ನಿಂತರೆ ಸಾಕು. ಆ ಧೈರ್ಯದ ಮೇಲೆ ನಿಮ್ಮ ಮುಂದೆ ನಿಂತಿದ್ದೇನೆ.

ಬೆಳಗಿನ ಗೋಷ್ಠಿಯಲ್ಲಿ ಕನ್ನಡ ಭಾಷೆ, ಮಕ್ಕಳ ಕನ್ನಡ ಶಾಲೆ, ವಚನ ಸಾಹಿತ್ಯ ಎಲ್ಲವೂ ಬಂದವು. ಅವುಗಳ ನಡುವೆ ಈ ಕ್ರೀಡಾ ಕ್ಲಬ್ಬಿನ ವಿಷಯ ಎಲ್ಲಿಂದ ಬಂತು ಎಂದು ಕೆಲವರು ಹುಬ್ಬೇರಿಸಿದ್ದನ್ನು ನೋಡಿದೆ. ಒಂದು ಪ್ರಶ್ನೆ ಕೇಳುತ್ತೇನೆ, ಕೈ ಎತ್ತಿ. ನಿಮ್ಮಲ್ಲಿ ಎಷ್ಟು ಜನ ವಾರಕ್ಕೆ ಒಂದು ಸಲವಾದರೂ ಮಗನನ್ನೋ ಮಗಳನ್ನೋ ಕಾರಿನಲ್ಲಿ ಕೂರಿಸಿಕೊಂಡು ಕ್ರಿಕೆಟ್ಟು, ಫುಟ್‌ಬಾಲು, ಈಜು, ಜಿಮ್ನಾಸ್ಟಿಕ್ಸು, ಬ್ಯಾಡ್ಮಿಂಟನ್ನು, ಯಾವುದಾದರೊಂದಕ್ಕೆ ಕರೆದುಕೊಂಡು ಹೋಗುತ್ತೀರಿ? ನೋಡಿ, ಮುಕ್ಕಾಲು ಸಭೆ. ಈಗ ಇನ್ನೊಂದು. ನಿಮ್ಮಲ್ಲಿ ಎಷ್ಟು ಜನ ಆ ಕ್ಲಬ್ಬಿನ ವಾರ್ಷಿಕ ಮಹಾಸಭೆಗೆ ಒಂದು ಸಲವಾದರೂ ಹೋಗಿದ್ದೀರಿ? ಎರಡು, ಮೂರು... ಅಲ್ಲಿ ಹಿಂದೆ ಕೈ ಎತ್ತಿದವರು ತಲೆ ಕೆರೆದುಕೊಳ್ಳುತ್ತಿದ್ದಾರೆಂದು ಕಾಣುತ್ತದೆ. ಇರಲಿ. ನಾನು ಹೇಳಬೇಕೆಂದಿರುವುದು ಈ ಎರಡು ಲೆಕ್ಕಗಳ ನಡುವಿನ ಅಂತರದ ಬಗ್ಗೆ. ನನಗೂ ಆ ಅಂತರ ಅರ್ಥವಾದದ್ದು ಪೆಟ್ಟು ಬಿದ್ದ ಮೇಲೆಯೇ.

ನಾನು ಮೈಸೂರಿನವನು. ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ಒಂದು ಗರಡಿ ಮನೆ ಇತ್ತು. ಬೆಳಗಿನ ಜಾವಕ್ಕೆ ಕೆಮ್ಮಣ್ಣಿನ ಮಟ್ಟಿಯ ವಾಸನೆ, ತೊಡೆ ತಟ್ಟುವ ಸದ್ದು. ಒಳಗೆ ಉಸ್ತಾದರ ಮಾತೇ ಮಾತು. ಯಾವ ಹುಡುಗ ಎಷ್ಟು ಸಾಮು ಹೊಡೆಯಬೇಕು, ಯಾರು ಯಾರ ಜೊತೆ ಮಟ್ಟಿಗೆ ಇಳಿಯಬೇಕು, ಯಾರು ಇನ್ನೂ ಒಂದು ವರ್ಷ ಕಾಯಬೇಕು, ಎಲ್ಲ ಅವರದು. ಆದರೆ ಗರಡಿಯ ಬೀಗದ ಕೈ ಉಸ್ತಾದರ ಬಳಿ ಇರಲಿಲ್ಲ. ಅದು ಯಜಮಾನರ ಬಳಿ ಇತ್ತು. ಕಟ್ಟಡದ ಸುಣ್ಣ ಬಣ್ಣ, ಹಬ್ಬದ ಪೂಜೆಯ ಖರ್ಚು, ಜಗಳ ತಂಟೆ ಬಂದರೆ ಪಂಚಾಯ್ತಿ ಎಲ್ಲ ಯಜಮಾನರು ನೋಡಿಕೊಳ್ಳುತ್ತಿದ್ದರು. ಅವರು ಮಟ್ಟಿಯ ಅಂಚಿಗೆ ಬಂದು ನಿಲ್ಲುತ್ತಿದ್ದರೇ ಹೊರತು ಒಳಗೆ ಕಾಲಿಡುತ್ತಿರಲಿಲ್ಲ. ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟುವ ಕಾರ್ಯಕ್ರಮ ಎಂದು ನಡೆಯುತ್ತದೆ, ಮೈಸೂರು ಕಡೆಯವರಿಗೆ ಗೊತ್ತು. ಪೈಲ್ವಾನರು ಬಂದು ನಿಲ್ಲುತ್ತಾರೆ, ತೂಕ ನೋಡುತ್ತಾರೆ, ಸಮಿತಿಯವರು ಸರಿಜೋಡಿ ಹೊಂದಿಸುತ್ತಾರೆ. ಆಗ ಉಸ್ತಾದರು ಪಕ್ಕದಲ್ಲೇ ಇರುತ್ತಾರೆ. ಜೋಡಿ ಸಮನಲ್ಲ ಎನಿಸಿದರೆ ಉಸ್ತಾದರು ತಲೆ ಅಲ್ಲಾಡಿಸಿದ್ದನ್ನು ನಾನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ಎಲ್ಲರೂ ಒಂದೇ ಮೊಹಲ್ಲದವರು, ಅಪ್ಪ ಅಜ್ಜಂದಿರ ಕಾಲದಿಂದ ಒಬ್ಬರನ್ನೊಬ್ಬರು ಬಲ್ಲವರು, ಬರೆದಿಡಬೇಕಾದ ಅಗತ್ಯವೂ ಇರಲಿಲ್ಲ.

ಇಲ್ಲಿ ನಾವು ಯಾರಿಗೂ ಗೊತ್ತಿಲ್ಲದವರು. ನಮಗೂ ಯಾರೂ ಗೊತ್ತಿಲ್ಲ. ಆದುದರಿಂದಲೇ ಬರೆದಿಡಬೇಕಾಗುತ್ತದೆ ಎಂಬುದು ನನ್ನ ಅನುಭವ.

ಇಂಗ್ಲೆಂಡಿಗೆ ಬಂದ ಮೇಲೆ ಮಿಡ್‌ಲ್ಯಾಂಡ್ಸಿನ ಒಂದು ಹಳ್ಳಿಯಲ್ಲಿ ವೈದ್ಯನಾಗಿ ನೆಲೆ ನಿಂತೆ. ಊರಿಗೊಂದು ಚರ್ಚು, ಒಂದು ಪಬ್ಬು, ಒಂದು ಕ್ರಿಕೆಟ್ ಮೈದಾನ. ಕ್ಲಬ್ಬಿಗೆ ನೂರು ವರ್ಷ ದಾಟಿತ್ತು. ಶನಿವಾರ ಆಡುವ ದೊಡ್ಡವರ ತಂಡಗಳು ಮೂರು, ಮಕ್ಕಳದು ಹನ್ನೊಂದು, ಹದಿಮೂರು, ಹದಿನೈದು ವರ್ಷದೊಳಗಿನ ಮೂರು. ಸಮಿತಿಯಲ್ಲಿ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ, ಪಂದ್ಯಗಳನ್ನು ಗೊತ್ತು ಮಾಡುವವರು, ಮೈದಾನದ ಹುಲ್ಲು ನೋಡುವವರು, ಬಾರು ನಡೆಸುವವರು. ಹಾಗೆ ನೋಡಿದರೆ ಬಾರು ನಡೆಸುವವನೇ ಎಲ್ಲರಿಗಿಂತ ದೊಡ್ಡವನು, ಏಕೆಂದರೆ ಕ್ಲಬ್ಬಿನ ಆದಾಯದ ಮುಖ್ಯ ಭಾಗ ಅವನ ಕೈಯಿಂದ ಬರುವುದು. ನಾನು ಮಗನನ್ನು ಸೇರಿಸಲು ಹೋದ ಎರಡನೆಯ ವರ್ಷವೇ ನನ್ನನ್ನು ಖಜಾಂಚಿ ಮಾಡಿದರು. ಕಾರಣ ಆಮೇಲೆ ತಿಳಿಯಿತು: ‘ಡಾಕ್ಟರು, ಲೆಕ್ಕ ಬರುತ್ತದೆ, ಮೇಲಾಗಿ ಕುಡಿಯುವುದಿಲ್ಲ. ಬಾರಿನ ಹಣ ಇವನ ಕೈಯಲ್ಲಿ ಭದ್ರ.’

ಆ ಕಾಲಕ್ಕೆ ನಮ್ಮ ಸಮಿತಿಗೆ ಎರಡು ರೋಗಗಳಿದ್ದವು. ವಿಚಿತ್ರವೆಂದರೆ ಎರಡೂ ಒಂದಕ್ಕೊಂದು ವಿರುದ್ಧವಾದ ರೋಗಗಳು, ಒಂದೇ ದೇಹದಲ್ಲಿ.

ಮೊದಲನೆಯದನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದು ನಿಮಗೆಲ್ಲ ಗೊತ್ತಿರುವುದೇ. ಸಮಿತಿಯ ಹಿರಿಯರೊಬ್ಬರ ಮೊಮ್ಮಗ ಹದಿಮೂರರೊಳಗಿನ ತಂಡದಲ್ಲಿದ್ದ. ಅವನನ್ನು ಮೊದಲನೆಯವನಾಗಿ ಬ್ಯಾಟಿಗೆ ಕಳಿಸಬೇಕೆಂದು ಒಂದು ಸೋಮವಾರದ ಸಭೆಯಲ್ಲಿ ಮಾತು ಬಂತು. ಕೋಚ್ ಸಭೆಯಲ್ಲಿ ಇರಲಿಲ್ಲ. ನಿರ್ಣಯವಾಯಿತು. ಕೈ ಎತ್ತಿದವರಲ್ಲಿ ನಾನೂ ಒಬ್ಬ. ಆ ಹಿರಿಯರು ನನಗೆ ಬೇಕಾದವರು, ನಮ್ಮ ಮೊದಲ ಚಳಿಗಾಲದಲ್ಲಿ ಮನೆಯ ಬಾಯ್ಲರು ಕೆಟ್ಟಾಗ ತಾವೇ ಬಂದು ರಿಪೇರಿ ಮಾಡಿಕೊಟ್ಟಿದ್ದವರು. ಶುಕ್ರವಾರ ಆ ಕೋಚ್ ಕಿಟ್ ಬ್ಯಾಗನ್ನು ಕ್ಲಬ್ಬಿನ ಬಾಗಿಲಲ್ಲಿಟ್ಟು ಹೋದವರು ಮತ್ತೆ ಬರಲಿಲ್ಲ. ಜುಲೈ ಹೊತ್ತಿಗೆ ಆ ತಂಡವೇ ಇರಲಿಲ್ಲ. ಹನ್ನೊಂದು ಮಕ್ಕಳು, ಅದರಲ್ಲಿ ಇಬ್ಬರು ನಮ್ಮ ಕನ್ನಡದವರು, ಆ ಬೇಸಿಗೆಯನ್ನು ಮನೆಯಲ್ಲಿ ಕಳೆದರು.

ಎರಡನೆಯ ರೋಗದ ಕಥೆ ಸ್ವಲ್ಪ ಉದ್ದ. ಅದರಲ್ಲಿ ನನ್ನ ಮಗನಿದ್ದಾನೆ.

ಒಂದು ಬೇಸಿಗೆ. ಅವನಿಗೆ ಹದಿನಾಲ್ಕು. ಎತ್ತರ ಒಂದೇ ವರ್ಷದಲ್ಲಿ ಬೆಳೆದಿದ್ದ, ಅವನಮ್ಮ ಪ್ಯಾಂಟುಗಳ ಅಂಚು ಬಿಚ್ಚಿ ಬಿಚ್ಚಿ ಸಾಕಾಗಿದ್ದಳು. ವೇಗದ ಬೌಲರ್. ಹದಿನೈದರೊಳಗಿನ ತಂಡದ ಕೋಚ್ ವೃತ್ತಿಯಿಂದ ಎಲೆಕ್ಟ್ರಿಷಿಯನ್. ಹನ್ನೊಂದು ವರ್ಷದಿಂದ ಒಂದು ಪೌಂಡೂ ತೆಗೆದುಕೊಳ್ಳದೆ ಮಕ್ಕಳಿಗೆ ಕಲಿಸುತ್ತಿದ್ದರು. ಬಹಳ ಒಳ್ಳೆಯ ಕೋಚ್. ಮೊದಲಿನ ಜಗಳದಿಂದ ಬುದ್ಧಿ ಕಲಿತ ನಮ್ಮ ಸಮಿತಿ ಈಗ ಇನ್ನೊಂದು ತುದಿಗೆ ಹೋಗಿ ನಿಂತಿತ್ತು. ಮಕ್ಕಳ ವಿಷಯ ಎಂದರೆ ಕೋಚಿನ ವಿಷಯ, ನಾವು ಬಾಯಿ ಹಾಕುವುದಿಲ್ಲ ಎಂದು. ಮಕ್ಕಳ ಶುಲ್ಕ ಅವರೇ ವಸೂಲು ಮಾಡುವುದು, ಮನೆಗಳ ಫೋನ್ ನಂಬರು ಅವರ ಡೈರಿಯಲ್ಲಿ, ಯಾವ ಮಗುವಿಗೆ ಆಸ್ತಮಾ ಎಂಬುದು ಅವರ ತಲೆಯಲ್ಲಿ. ಮಕ್ಕಳ ಕ್ಷೇಮ ನೋಡುವ ಅಧಿಕಾರಿ ಎಂದು ಒಬ್ಬರಿರಬೇಕಲ್ಲ, ಅದು ಅವರ ಹೆಂಡತಿ. ಯಾರಿಗೂ ಅದು ತಪ್ಪೆನಿಸಿರಲಿಲ್ಲ. ಆಕೆ ಚಿನ್ನದಂಥ ಹೆಂಗಸು. ಆದರೆ ಗಂಡನ ಮೇಲಿನ ದೂರನ್ನು ಹೆಂಡತಿಯ ಹತ್ತಿರ ಹೇಳಲು ಯಾವ ಮಗು ಬಂದೀತು?

ಎಳೆಯ ವೇಗದ ಬೌಲರುಗಳಿಗೆ ಇಂಗ್ಲೆಂಡಿನ ಕ್ರಿಕೆಟ್ ಮಂಡಳಿಯ ನಿಯಮವಿದೆ. ಆ ವರ್ಷದ ನಿಯಮದಂತೆ ಹದಿನಾಲ್ಕು, ಹದಿನೈದರೊಳಗಿನವರು ಒಂದು ಸರದಿಗೆ 6 ಓವರು, ದಿನಕ್ಕೆ 12 ಓವರಿಗಿಂತ ಹೆಚ್ಚು ಎಸೆಯುವಂತಿಲ್ಲ. ಏಕೆಂದರೆ ಆ ವಯಸ್ಸಿನಲ್ಲಿ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ. ಚೆಂಡು ಬಿಡುವಾಗ ಮುಂದಿನ ಕಾಲು ನೆಲಕ್ಕೆ ಬಡಿಯುವ ಹೊಡೆತ ದೇಹದ ತೂಕದ ಹಲವು ಪಟ್ಟು. ಅದೇ ಕ್ಷಣದಲ್ಲಿ ಬೆನ್ನು ಹಿಂದಕ್ಕೆ ಬಾಗಿ ಪಕ್ಕಕ್ಕೆ ತಿರುಚುತ್ತದೆ. ಸೊಂಟದ ಕೆಳಗಿನ ಬೆನ್ನೆಲುಬು ಆ ಭಾರವನ್ನು ಹೊರುತ್ತದೆ. ಈ ನಿಯಮದ ಹಾಳೆಯನ್ನು ನಮ್ಮ ಡ್ರೆಸ್ಸಿಂಗ್ ರೂಮಿನ ಗೋಡೆಗೆ ಅಂಟಿಸಿದ್ದೆವು. ಅಂಟಿಸಿದ್ದು ನಾನೇ.

ಈಗ ಜೂನ್ ತಿಂಗಳ ಒಂದು ವಾರದ ಲೆಕ್ಕ ಕೇಳಿ. ಬುಧವಾರ ಶಾಲೆಯ ಪಂದ್ಯ, 6 ಓವರು. ಗುರುವಾರ ಸಂಜೆ ಕ್ಲಬ್ಬಿನ ಹದಿನೈದರೊಳಗಿನವರ ಇಪ್ಪತ್ತು ಓವರಿನ ಪಂದ್ಯ, 4 ಓವರು. ಶುಕ್ರವಾರ ನೆಟ್ ಅಭ್ಯಾಸ, ಅಲ್ಲಿ ಲೆಕ್ಕವೇ ಇಲ್ಲ. ಶನಿವಾರ ದೊಡ್ಡವರ ಮೂರನೆಯ ತಂಡಕ್ಕೆ ಒಬ್ಬರು ಕಡಿಮೆ, ಇವನನ್ನು ಕರೆದರು, ಆರಾರು ಓವರಿನ ಎರಡು ಸರದಿ, 12. ಭಾನುವಾರ ಜಿಲ್ಲಾ ತಂಡದ ಆಯ್ಕೆ, 6. ಕೂಡಿಸಿ. 28 ಓವರು ಎಂದರೆ 168 ಎಸೆತ, ನೆಟ್ಟಿನದು ಬೇರೆ. ಪಂದ್ಯದ ಓವರಿನ ಮಿತಿ ಎಲ್ಲಿಯಾದರೂ ಮುರಿಯಿತೇ? ಒಂದು ಕಡೆಯೂ ಇಲ್ಲ. ಶಾಲೆಯ ಮೇಷ್ಟ್ರು ಎಣಿಸಿದರು, ನಮ್ಮ ಕೋಚ್ ಎಣಿಸಿದರು, ಮೂರನೆಯ ತಂಡದ ನಾಯಕ ಎಣಿಸಿದ, ಜಿಲ್ಲೆಯವರು ಎಣಿಸಿದರು. ಕೂಡಿಸುವ ಕೆಲಸ ಮಾತ್ರ ಯಾರದೂ ಆಗಿರಲಿಲ್ಲ.

ನಾನೆಲ್ಲಿದ್ದೆ? ಬೌಂಡರಿಯ ಹೊರಗೆ ಮಡಿಸುವ ಕುರ್ಚಿಯಲ್ಲಿ ಕ್ಯಾಮ್‌ಕಾರ್ಡರು ಹಿಡಿದುಕೊಂಡು ಕೂತಿದ್ದೆ. ಮೈಸೂರಿನಲ್ಲಿದ್ದ ನಮ್ಮ ತಂದೆಗೆ ಮೊಮ್ಮಗನ ಬೌಲಿಂಗಿನ ಸಿ.ಡಿ. ಕಳಿಸಬೇಕಾಗಿತ್ತು. ದೊಡ್ಡವರ ತಂಡದಲ್ಲಿ ಆಡಲು ತಂದೆ ತಾಯಿಯ ಒಪ್ಪಿಗೆ ಪತ್ರ ಬೇಕು. ಅದಕ್ಕೆ ಸಹಿ ಹಾಕಿದವನೂ ನಾನೇ, ಹೆಮ್ಮೆಯಿಂದ.

ಜುಲೈಯಲ್ಲಿ ಅವನು ‘ಅಪ್ಪಾ, ಬೆನ್ನು ನೋಯುತ್ತೆ’ ಎಂದ. ಬೆಳೆಯುವ ವಯಸ್ಸು, ಸ್ನಾಯು ಹಿಡಿದಿರಬೇಕು ಎಂದೆ. ಎರಡು ಪ್ಯಾರಾಸಿಟಮಾಲು, ಬಿಸಿನೀರಿನ ಚೀಲ. ಬೇರೆಯವರ ಮಗ ಸರ್ಜರಿಗೆ ಬಂದು ಇದೇ ಮಾತು ಹೇಳಿದ್ದರೆ ನಾನು ಹತ್ತು ಪ್ರಶ್ನೆ ಕೇಳುತ್ತಿದ್ದೆ. ಎರಡು ವಾರ ಹೀಗೇ ನಡೆಯಿತು. ಒಂದು ಬೆಳಿಗ್ಗೆ ನನ್ನ ಹೆಂಡತಿ ಅಡಿಗೆಮನೆಯಿಂದ ಕರೆದಳು: ‘ರೀ, ಇಲ್ಲಿ ಬಂದು ನೋಡಿ. ಇವನು ಬಗ್ಗಿ ಷೂ ಲೇಸು ಕಟ್ಟೋಕೆ ಆಗದೆ ಮೆಟ್ಟಿಲ ಮೇಲೆ ಕಾಲಿಟ್ಟು ಕಟ್ಟಿಕೊಳ್ತಾ ಇದ್ದಾನೆ. ಎಷ್ಟು ದಿನದಿಂದ ಹೀಗೆ ಅಂತ ಕೇಳಿದರೆ ಬಾಯೇ ಬಿಡಲ್ಲ.’ ಸ್ಕ್ಯಾನಿನಲ್ಲಿ ಬೆನ್ನೆಲುಬಿನಲ್ಲಿ ಬಿರುಕು ಕಂಡಿತು. ಎಳೆಯ ವೇಗದ ಬೌಲರುಗಳಿಗೆ ಬರುವ, ಪುಸ್ತಕದಲ್ಲಿ ಚಿತ್ರ ಸಮೇತ ಇರುವ ಬಿರುಕು. ಆ ಸೀಸನ್ನು ಮುಗಿಯಿತು, ಚಳಿಗಾಲ ಪೂರ್ತಿ ಚೆಂಡು ಮುಟ್ಟುವಂತಿಲ್ಲ. ಏಕೆ ಮುಚ್ಚಿಟ್ಟೆ ಎಂದು ಕೇಳಿದ್ದಕ್ಕೆ ಅವನು ಹೇಳಿದ್ದು: ‘ಹೇಳಿದ್ದರೆ ಜಿಲ್ಲಾ ತಂಡದಿಂದ ತೆಗೆಯುತ್ತಿದ್ದರು. ನಿನಗೆ ಬೇಜಾರಾಗುತ್ತಿತ್ತು.’

ಮುಂದಿನ ಸೋಮವಾರ ಸಮಿತಿ ಸೇರಿತು. ಅರ್ಧ ಜನ ಕೋಚನ್ನು ತೆಗೆಯಬೇಕೆಂದರು. ನನ್ನ ಮನಸ್ಸೂ ಅಲ್ಲೇ ಇತ್ತು, ಸುಳ್ಳು ಹೇಳುವುದಿಲ್ಲ. ಕೋಚ್ ತಮ್ಮ ಸ್ಕೋರು ಪುಸ್ತಕಗಳನ್ನು ತಂದು ಮೇಜಿನ ಮೇಲಿಟ್ಟರು. ಅವರ ಪುಸ್ತಕದಲ್ಲಿ ಒಂದು ಓವರೂ ಹೆಚ್ಚಿರಲಿಲ್ಲ. ‘ಶನಿವಾರ ಅವನು ಹನ್ನೆರಡು ಓವರು ಹಾಕಿದ್ದು ನನಗೆ ಯಾರು ಹೇಳಿದರು? ಶಾಲೆಯ ಪಂದ್ಯ ಇದೆ ಎಂದು ಯಾರು ಹೇಳಿದರು?’ ಎಂದು ಕೇಳಿ ನನ್ನ ಕಡೆ ನೋಡಲಿಲ್ಲ. ನೋಡದಿದ್ದದ್ದೇ ನನಗೆ ನಾಟಿತು. ಆಮೇಲೆ ರಾಜೀನಾಮೆ ಪತ್ರ ಮುಂದಿಟ್ಟರು. ಕಾರ್ಯದರ್ಶಿನಿ ಒಬ್ಬ ನಿವೃತ್ತ ಶಾಲಾ ಶಿಕ್ಷಕಿ, ಖಡಕ್ಕು ಹೆಂಗಸು. ಆಕೆ ಆ ಪತ್ರವನ್ನು ಪಕ್ಕಕ್ಕೆ ಸರಿಸಿ ನನಗೆ ‘ಡಾಕ್ಟರೇ, ಈ ವಿಷಯ ಮುಗಿಯುವವರೆಗೆ ನೀವು ಹೊರಗಿರಬೇಕು, ಇದು ನಿಮ್ಮ ಮಗನ ವಿಷಯ’ ಎಂದರು. ಹೊರಗೆ ಮಳೆ. ಬಾರಿನಲ್ಲಿ ಆರೆಂಜ್ ಜ್ಯೂಸು ಹಿಡಿದು ಮುಕ್ಕಾಲು ಗಂಟೆ ಕೂತೆ. ಅವಮಾನವೆನಿಸಿತು. ಇವತ್ತು ಕೇಳಿದರೆ ಆ ಕ್ಲಬ್ಬಿನಲ್ಲಿ ನಾನು ಕಂಡ ಅತ್ಯಂತ ಸರಿಯಾದ ಕೆಲಸ ಅದು ಎನ್ನುತ್ತೇನೆ.

ರಾಜೀನಾಮೆ ಸ್ವೀಕಾರವಾಗಲಿಲ್ಲ. ಬದಲಿಗೆ ಆ ಚಳಿಗಾಲದಲ್ಲಿ ಕಾರ್ಯದರ್ಶಿನಿ, ಆ ಕೋಚ್, ನಾನು ಮೂವರೂ ಕೂತು ಒಂದು ಹಾಳೆ ಬರೆದೆವು. ಎರಡು ಪುಟಕ್ಕಿಂತ ಹೆಚ್ಚಾದರೆ ಯಾರೂ ಓದುವುದಿಲ್ಲ ಎಂದು ಆಕೆಯ ಹಟ.

ಹಣ, ಮೈದಾನ, ವಿಮೆ, ಪರಿಕರ, ಯಾವ ಲೀಗಿಗೆ ಸೇರುವುದು, ಯಾರನ್ನು ಕೋಚ್ ಎಂದು ನೇಮಿಸುವುದು, ಅವರ ಪೊಲೀಸ್ ದಾಖಲೆ ಪರಿಶೀಲನೆ ಆಗಿದೆಯೇ ಎಂದು ನೋಡುವುದು, ಇವು ಸಮಿತಿಯವು. ಇದರಲ್ಲಿ ಯಾರಿಗೂ ತಕರಾರಿರಲಿಲ್ಲ. ಒಂದು ಮಾತು ಮಾತ್ರ ನಿಮಗೆ ಹೇಳಬೇಕು. ಇಲ್ಲಿನ ಹಳ್ಳಿ ಕ್ಲಬ್ಬುಗಳಲ್ಲಿ ಬಹಳಷ್ಟು ನೋಂದಾಯಿತ ಕಂಪನಿಗಳಲ್ಲ. ಕಾನೂನಿನ ಕಣ್ಣಿನಲ್ಲಿ ಅಂಥ ಕ್ಲಬ್ಬಿಗೆ ಸ್ವಂತ ವ್ಯಕ್ತಿತ್ವವೇ ಇಲ್ಲ. ಬಾಕಿ ಬಿದ್ದರೆ, ಮೊಕದ್ದಮೆ ಬಂದರೆ ಸಮಿತಿಯವರೇ ತಲೆ ಕೊಡಬೇಕಾಗಬಹುದು. ‘ಎಲ್ಲಾ ಕೋಚಿಗೆ ಬಿಟ್ಟಿದ್ದೆವು’ ಎಂದರೆ ತಪ್ಪಿಸಿಕೊಂಡಂತೆ ಆಗುವುದಿಲ್ಲ.

ಏನು ಕಲಿಸಬೇಕು, ಹೇಗೆ ಕಲಿಸಬೇಕು, ಶನಿವಾರ ಯಾರು ಆಡಬೇಕು, ಯಾರು ಎಷ್ಟನೆಯವರಾಗಿ ಬ್ಯಾಟಿಗೆ ಹೋಗಬೇಕು, ಇವು ಕೋಚಿನವು. ಸಮಿತಿ ಇದರಲ್ಲಿ ಬೆರಳು ಹಾಕುವಂತಿಲ್ಲ.

ಕಷ್ಟ ಬಂದದ್ದು ನಡುವಿನ ಜಾಗದಲ್ಲಿ. ಹನ್ನೊಂದರೊಳಗಿನ ಮಕ್ಕಳ ತಂಡದಲ್ಲಿ ಎಲ್ಲರಿಗೂ ಬ್ಯಾಟಿಂಗ್ ಸಿಗಬೇಕೇ, ಇಲ್ಲಾ ಗೆಲ್ಲುವುದು ಮುಖ್ಯವೇ? ಇದು ಯಾರ ತೀರ್ಮಾನ? ಕೋಚ್ ಹೇಳಿದರು, ಆಟದ ವಿಷಯ, ನನ್ನದು. ಕಾರ್ಯದರ್ಶಿನಿ ಹೇಳಿದರು, ಕ್ಲಬ್ಬು ಏತಕ್ಕಾಗಿ ಇದೆ ಎಂಬ ವಿಷಯ, ನಮ್ಮದು. ಎರಡು ಸಂಜೆ ಇದೇ ಆಯಿತು. ಕೊನೆಗೆ ದಾರಿ ತೋರಿಸಿದ್ದು ಕೋಚ್. ‘ನೀವು ಯಾವ ಮಗುವಿನ ಹೆಸರನ್ನೂ ಹೇಳದೆ ಒಂದು ನಿಯಮ ಮಾಡುವುದಾದರೆ, ಸೀಸನ್ನು ಶುರುವಾಗುವ ಮುಂಚೆ ಮಾಡಿ ಕೊಡಿ, ಪಾಲಿಸುತ್ತೇನೆ. ಹೆಸರು ಹಿಡಿದು ಮಾತಾಡಬೇಕಾದರೆ ಅದು ನನ್ನದು’ ಎಂದರು. ಎಲೆಕ್ಟ್ರಿಷಿಯನ್ ಅಲ್ಲವೆ, ತಂತಿ ಎಲ್ಲಿ ಬೇರ್ಪಡಬೇಕೆಂದು ಗೊತ್ತಿತ್ತು. ‘ಹನ್ನೊಂದರೊಳಗಿನ ಪ್ರತಿಯೊಬ್ಬರೂ ಪ್ರತಿ ಪಂದ್ಯದಲ್ಲಿ ಬ್ಯಾಟ್ ಮಾಡಬೇಕು ಅಥವಾ ಬೌಲ್ ಮಾಡಬೇಕು’ ಎಂಬುದರಲ್ಲಿ ಹೆಸರಿಲ್ಲ, ಅದು ಸಮಿತಿಯ ಮಾತು. ‘ನಮ್ಮ ಹುಡುಗನನ್ನು ಮೂರನೆಯವನಾಗಿ ಕಳಿಸಿ’ ಎಂಬುದರಲ್ಲಿ ಹೆಸರಿದೆ, ಅದನ್ನು ಸಮಿತಿ ಆಡುವಂತಿಲ್ಲ. ಮೊಮ್ಮಗನ ವಿಷಯದಲ್ಲಿ ನಾವು ಮಾಡಿದ ತಪ್ಪೇನೆಂದು ನನಗೆ ಆ ರಾತ್ರಿ ಸ್ಪಷ್ಟವಾಯಿತು.

ಇದನ್ನು ಕೇಳಿ ಇಲ್ಲಿ ಮುಂದಿನ ಸಾಲಿನಲ್ಲಿ ನಗುತ್ತಿರುವವರು ನಮ್ಮ ಸಂಘದ ನಾಟಕಗಳನ್ನು ನೆನೆಸಿಕೊಳ್ಳುತ್ತಿದ್ದಾರೆ ಎಂದು ಕಾಣುತ್ತದೆ. ಹೌದು, ಯುಗಾದಿ ನಾಟಕದಲ್ಲಿ ರಾಜನ ಪಾತ್ರ ಯಾರಿಗೆ ಎಂಬುದು ನಿರ್ದೇಶಕರ ತೀರ್ಮಾನವೋ ಕಾರ್ಯಕಾರಿ ಸಮಿತಿಯ ತೀರ್ಮಾನವೋ ಎಂದು ನಾವೂ ಒಂದು ಇಡೀ ಭಾನುವಾರ ಕಳೆದಿದ್ದೇವೆ. ನಾಟಕ ಎಷ್ಟು ನಿಮಿಷ ಎಂಬುದು ಸಮಿತಿಗೆ ಬಿಟ್ಟದ್ದು, ರಾಜ ಯಾರೆಂಬುದು ನಿರ್ದೇಶಕರಿಗೆ. ಮುಂದಕ್ಕೆ ಹೋಗೋಣ, ಅಧ್ಯಕ್ಷರು ನನ್ನನ್ನೇ ನೋಡುತ್ತಿದ್ದಾರೆ.

ಆದರೆ ಈ ಗೆರೆ ನನ್ನ ಮಗನ ಬೆನ್ನನ್ನು ಉಳಿಸುತ್ತಿರಲಿಲ್ಲ. ಅಲ್ಲಿ ಇನ್ನೊಂದು ಕಲಮು ಬೇಕಾಯಿತು. ಒಂದೇ ಮಗು ಒಂದಕ್ಕಿಂತ ಹೆಚ್ಚು ತಂಡಗಳಿಗೆ ಆಡಿದರೆ, ಅದರ ಒಟ್ಟು ಹೊರೆ ಯಾವೊಬ್ಬ ಕೋಚಿನ ಕೈಯಲ್ಲೂ ಇಲ್ಲ. ಅದು ಸಮಿತಿಯ ಕೆಲಸ. ಬೌಲರುಗಳಿಗೆ ಒಂದೊಂದು ಸಣ್ಣ ಕಾರ್ಡು. ಶಾಲೆ, ಕ್ಲಬ್ಬು, ಜಿಲ್ಲೆ, ನೆಟ್ಟು, ಎಲ್ಲಿ ಎಸೆದರೂ ಆ ಕಾರ್ಡಿನಲ್ಲಿ ಮಗುವೇ ಬರೆಯಬೇಕು, ಮನೆಯಲ್ಲಿ ಒಬ್ಬರು ನೋಡಿ ಸಹಿ ಹಾಕಬೇಕು. ಶುಕ್ರವಾರ ಮಕ್ಕಳ ವಿಭಾಗದ ಸಂಚಾಲಕರು ಕೂಡಿಸಬೇಕು. ಹದಿನೆಂಟರೊಳಗಿನವರನ್ನು ದೊಡ್ಡವರ ತಂಡಕ್ಕೆ ಕರೆಯಬೇಕಾದರೆ ನಾಯಕ ಮೊದಲು ಮಕ್ಕಳ ಕೋಚನ್ನು ಕೇಳಬೇಕು; ಕೋಚ್ ಬೇಡವೆಂದರೆ ಮುಗಿಯಿತು, ಅದರ ಮೇಲೆ ಅಪೀಲಿಲ್ಲ. ಶನಿವಾರ ಹತ್ತೇ ಜನ ಆಡಬೇಕಾಗಿ ಬಂದರೆ ಹತ್ತೇ ಜನ. ಇದಕ್ಕೆ ಮೂರನೆಯ ತಂಡದ ನಾಯಕ ಒಂದು ವರ್ಷ ನನ್ನ ಜೊತೆ ಮಾತು ಬಿಟ್ಟಿದ್ದ.

ಕ್ಷೇಮಾಧಿಕಾರಿಯನ್ನು ಬದಲಿಸಿದೆವು. ಕೋಚುಗಳ ಸಂಬಂಧಿಕರಾರೂ ಆ ಜಾಗದಲ್ಲಿರಬಾರದು, ಅವರು ಕೋಚಿಗೂ ಅಧ್ಯಕ್ಷರಿಗೂ ಕೇಳದೆ ನೇರವಾಗಿ ಕೌಂಟಿಯವರಿಗೆ ಫೋನು ಮಾಡಬಹುದು ಎಂದು ಬರೆದೆವು. ಇದು ಕೋಚಿಗೆ ನೋವಾಗಬಹುದೆಂದು ಹೆದರಿದ್ದೆವು. ಅವರ ಹೆಂಡತಿಯೇ ನಕ್ಕು ‘ಅಬ್ಬಾ, ಬಿಡುಗಡೆಯಾಯಿತು’ ಎಂದರಂತೆ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಹೆಣ್ಣುಮಕ್ಕಳ ತಂದೆ ತಾಯಿಗಳು ಮುಖ್ಯವಾಗಿ ಕೇಳಬೇಕು. ಬ್ರಿಟಿಷ್ ಜಿಮ್ನಾಸ್ಟಿಕ್ಸಿನ ಬಗ್ಗೆ 2022ರ ಜೂನ್‌ನಲ್ಲಿ ವೈಟ್ ವರದಿ ಎಂದು ಒಂದು ವರದಿ ಬಂತು. 2008ರಿಂದ 2020ರವರೆಗಿನ ಕಾಲವನ್ನು ನೋಡಿದ ಆ ಪರಿಶೀಲನೆಗೆ ನಾನೂರಕ್ಕೂ ಹೆಚ್ಚು ಜನ ತಮ್ಮ ಅನುಭವ ಬರೆದು ಕಳಿಸಿದರು. ಗಾಯವಾದರೂ ಅಭ್ಯಾಸ ಮಾಡಿಸಿದ್ದು, ಮಕ್ಕಳ ತೂಕದ ಬಗ್ಗೆ ಹೀಯಾಳಿಸಿದ್ದು, ದೂರು ಕೊಟ್ಟರೆ ಕೇಳುವವರಿಲ್ಲದಿದ್ದದ್ದು, ಓದಿದರೆ ರಾತ್ರಿ ನಿದ್ದೆ ಬರುವುದಿಲ್ಲ. ಅದೇ ವರ್ಷ ಇಂಗ್ಲೆಂಡ್ ಮತ್ತು ವೇಲ್ಸಿನ ಕಾನೂನು ತಿದ್ದುಪಡಿಯಾಗಿ, ತಮ್ಮ ಕೈಕೆಳಗಿರುವ ಹದಿನಾರು ಹದಿನೇಳರ ಹುಡುಗ ಹುಡುಗಿಯರೊಡನೆ ಕ್ರೀಡಾ ಕೋಚುಗಳು ಲೈಂಗಿಕ ಸಂಬಂಧ ಇಟ್ಟುಕೊಳ್ಳುವುದು ಅಪರಾಧವೆಂದು ಆಯಿತು. ಶಾಲೆಯ ಉಪಾಧ್ಯಾಯರಿಗೆ ಈ ಕಟ್ಟು ಮೊದಲೇ ಇತ್ತು, ಕೋಚುಗಳಿಗೆ ಇರಲಿಲ್ಲ.

ನಮ್ಮವರಲ್ಲಿ ಗುರುವೆಂದರೆ ದೇವರು. ನಾನೂ ಹಾಗೇ ಬೆಳೆದವನು. ಬೆಂಗಳೂರಿನಲ್ಲಿ ರಾಹುಲ್ ದ್ರಾವಿಡ್‌ಗೆ ಕೇಕಿ ತಾರಾಪೂರ್ ಸಿಕ್ಕಂತೆ ನಮ್ಮ ಮಕ್ಕಳಿಗೂ ಒಬ್ಬ ಗುರು ಸಿಗಲಿ ಎಂದು ಎಲ್ಲರಿಗೂ ಆಸೆ. ಅಂಥ ಕೋಚುಗಳು ಇದ್ದಾರೆ, ನಮ್ಮ ಎಲೆಕ್ಟ್ರಿಷಿಯನ್ನರೇ ಒಬ್ಬರು. ಆದರೆ ಗುರುವಿನ ಮೇಲಿನ ಗೌರವ ಬೇರೆ, ಗುರುವನ್ನು ಯಾರೂ ಏನೂ ಕೇಳದ ಜಾಗದಲ್ಲಿ ಕೂರಿಸುವುದು ಬೇರೆ. ಒಳ್ಳೆಯ ಕೋಚಿಗೆ ಅದು ಒಂಟಿತನ, ಕೆಟ್ಟವನಿಗೆ ಅನುಕೂಲ. ಹನ್ನೊಂದು ವರ್ಷ ಫೀಸು, ಡೈರಿ, ಆಸ್ತಮಾ ಎಲ್ಲ ಒಬ್ಬರ ತಲೆಯ ಮೇಲೆ ಹೊರಿಸಿದ್ದನ್ನು ನಾವು ಗೌರವ ಎಂದು ಕರೆಯುತ್ತಿದ್ದೆವು. ಅದು ನಮ್ಮ ಸೋಮಾರಿತನ.

ಇನ್ನು ನಮ್ಮ ಇನ್ನೊಂದು ಅಭ್ಯಾಸ. ಮಗನ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಕೋಚನ್ನು ಕಾರ್ ಪಾರ್ಕಿನಲ್ಲಿ ಹಿಡಿದು ನಿಲ್ಲಿಸುತ್ತೇವೆ. ಪಾಪ, ಅವರು ಸ್ಟಂಪುಗಳನ್ನು ಕಂಕುಳಲ್ಲಿ ಹಿಡಿದುಕೊಂಡು ಮಳೆಯಲ್ಲಿ ನಿಂತಿರುತ್ತಾರೆ. ಕ್ಲಬ್ಬಿನ ಒಂದು ನೀತಿಯೇ ಸರಿಯಿಲ್ಲ ಎನಿಸಿದಾಗ ಮಾತ್ರ, ಅದನ್ನು ಬದಲಿಸಬಹುದಾದ ಒಂದೇ ಒಂದು ಜಾಗಕ್ಕೆ, ಅಂದರೆ ಮಹಾಸಭೆಗೆ, ನಾವು ಹೋಗುವುದಿಲ್ಲ. 2018ರಲ್ಲಿ ಕ್ರಿಕೆಟ್ ಮಂಡಳಿ ದಕ್ಷಿಣ ಏಷ್ಯಾದವರಿಗಾಗಿ ಒಂದು ಕಾರ್ಯಯೋಜನೆ ಹೊರತಂದಾಗ, ಇಲ್ಲಿನ ಹವ್ಯಾಸಿ ಆಟಗಾರರಲ್ಲಿ ಸುಮಾರು ಮೂರನೆಯ ಒಂದು ಭಾಗ ನಮ್ಮ ಕಡೆಯವರೆಂದು ಲೆಕ್ಕ ಕೊಟ್ಟಿತ್ತು. ಆಡುವವರಲ್ಲಿ ಮೂರರಲ್ಲಿ ಒಬ್ಬರು. ನಮ್ಮ ಕ್ಲಬ್ಬಿನ ಸಮಿತಿಯಲ್ಲಿ ಹದಿನಾಲ್ಕು ವರ್ಷ ನಾನೊಬ್ಬನೇ. ನನ್ನನ್ನು ಯಾರೂ ತಡೆಯಲಿಲ್ಲ. ಆದರೆ ಬೇರೆ ಯಾರೂ ಬರಲೂ ಇಲ್ಲ. ಬೇರೆ ಕಡೆ ಬಾಗಿಲು ಮುಚ್ಚಿದ ಕಥೆಗಳೂ ಇವೆ, 2023ರಲ್ಲಿ ಬಂದ ಕ್ರಿಕೆಟ್ ಸಮಾನತೆಯ ಸ್ವತಂತ್ರ ಆಯೋಗದ ವರದಿ ಓದಿದವರಿಗೆ ಅದು ಗೊತ್ತು. ತೆರೆದ ಬಾಗಿಲಿನೊಳಗೂ ನಾವು ಹೋಗದಿರುವುದರ ಬಗ್ಗೆ ಮಾತ್ರ ನಾನಿವತ್ತು ಮಾತಾಡುತ್ತಿದ್ದೇನೆ.

ಆ ಹಾಳೆಯಿಂದ ಎಲ್ಲವೂ ಸರಿಹೋಯಿತೆಂದು ಭಾವಿಸಬೇಡಿ. ಕಾರ್ಡು ತುಂಬುವುದನ್ನು ಮಕ್ಕಳು ಮರೆಯುತ್ತಾರೆ. ಒಂದು ವರ್ಷ ಇಬ್ಬರು ಹುಡುಗರು ಕಾರ್ಡಿನಲ್ಲಿ ಕಡಿಮೆ ಓವರು ಬರೆದು ಸಿಕ್ಕಿಬಿದ್ದರು, ಅಪ್ಪನ ಸಹಿಯೂ ಇತ್ತು. ‘ಹೆಸರಿಲ್ಲದ ನಿಯಮ’ ಎಂದು ತಂದ ಒಂದು ಸೂಚನೆ ನೋಡಿದರೆ ಒಬ್ಬನೇ ಹುಡುಗನ ಅಳತೆಗೆ ಹೊಲಿದ ಅಂಗಿ. ಆದರೂ ಜಗಳ ಬಂದಾಗ ಮೇಜಿನ ಮೇಲೆ ಇಡಲು ಎರಡು ಪುಟಗಳಿದ್ದವು. ಆ ಕೋಚ್ ಇನ್ನೂ ಒಂಬತ್ತು ವರ್ಷ ಕಲಿಸಿದರು. ಬಿಟ್ಟಾಗ ಫೋನ್ ನಂಬರುಗಳು, ಔಷಧಿಯ ವಿವರ ಎಲ್ಲ ಕ್ಲಬ್ಬಿನ ಕಪಾಟಿನಲ್ಲಿದ್ದವು. ಬೀಳ್ಕೊಡುಗೆಯ ದಿನ ನನ್ನ ಹೆಂಡತಿ ಅವರಿಗೆ ಮೈಸೂರು ಪಾಕು ಮಾಡಿಕೊಂಡು ಹೋಗಿದ್ದಳು.

ಮಗ ಮತ್ತೆ ಆಡಿದ. ವೇಗ ಹೋಯಿತು, ಆಫ್ ಸ್ಪಿನ್ ಕಲಿತುಕೊಂಡ. ಜಿಲ್ಲಾ ತಂಡದ ಮಾತು ಮತ್ತೆ ಬರಲಿಲ್ಲ. ಈಗ ಲೀಡ್ಸಿನ ಹತ್ತಿರ ಕೆಲಸದಲ್ಲಿದ್ದಾನೆ, ಅಲ್ಲಿನ ಒಂದು ಕ್ಲಬ್ಬಿನಲ್ಲಿ ಹದಿಮೂರರೊಳಗಿನ ಹುಡುಗಿಯರಿಗೆ ಕೋಚ್. ಹೋದ ತಿಂಗಳು ಫೋನು ಮಾಡಿದ. ‘ಅಪ್ಪಾ, ನಮ್ಮ ಚೇರ್ಮನ್ನರು ಅವರ ತಂಗಿಯ ಮಗಳನ್ನು ಕ್ಯಾಪ್ಟನ್ ಮಾಡಲೇಬೇಕು ಅಂತಾರೆ. ಒಳ್ಳೆಯ ಆಟಗಾರ್ತಿಯೇ, ಆದರೆ ನಾನು ಇನ್ನೊಬ್ಬಳನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೆ. ಏನು ಮಾಡಲಿ?’

‘ಹಾಳೆ ತೋರಿಸು’ ಎಂದೆ.

‘ಇಲ್ಲಿ ಯಾವ ಹಾಳೆಯೂ ಇಲ್ಲ ಅಪ್ಪಾ. ಫೀಸು ಕೂಡ ನಾನೇ ವಸೂಲು ಮಾಡ್ತಾ ಇದ್ದೀನಿ.’

ಬರುವ ಮಂಗಳವಾರ ಅವರ ಸಮಿತಿ ಸೇರುತ್ತದೆ. ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಹಳೆಯ ಎರಡು ಪುಟಗಳನ್ನು ಪ್ರತಿ ಮಾಡಿಸಿಕೊಂಡಿದ್ದೇನೆ; ಮೂವತ್ತು ಪ್ರತಿ ಹೆಚ್ಚಿಗೆ ಮಾಡಿಸಿ ಬಾಗಿಲ ಬಳಿ, ಕಾಫಿ ಫ್ಲಾಸ್ಕಿನ ಪಕ್ಕ ಇಟ್ಟಿದ್ದೇನೆ, ಬೇಕಾದವರು ತೆಗೆದುಕೊಳ್ಳಿ. ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ನನ್ನ ಸಮಯ ಮುಗಿದಿದೆ.